ಒಂದೇ ಹೆಸರಿನ ರೋಗಿಗಳಿರುವ ವಾರ್ಡಿನಲ್ಲಿ ಔಷಧಿ ಅದಲುಬದಲಾಗದಂತೆ ಮನೆಯವರು ಏನು ಮಾಡಬಹುದು?

ಮದ್ದೂರಿನ ಮಗಳು (ಪ್ರಶ್ನೆ)

ಮುಂದಿನ ತಿಂಗಳು ನಮ್ಮ ತಂದೆಯವರಿಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಬಲಮಂಡಿಯ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ನಡೆಯಲಿದೆ. ಅವರಿಗೆ 68 ವರ್ಷ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಹೃದಯದ ವೈದ್ಯರು ಬರೆದುಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆಯೂ ಇದೆ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಬಗ್ಗೆ ನಮಗೆ ಪೂರ್ಣ ವಿಶ್ವಾಸವಿದೆ. ನನ್ನ ಆತಂಕವೆಲ್ಲ ವಾರ್ಡಿನದು.

ಹಿಂದೊಮ್ಮೆ ನಮ್ಮ ಸೋದರತ್ತೆ ಜಯಮ್ಮನವರು ಬೇರೊಂದು ಆಸ್ಪತ್ರೆಯಲ್ಲಿದ್ದಾಗ, ಅದೇ ಕೋಣೆಯಲ್ಲಿ ಇನ್ನೊಬ್ಬ ಜಯಮ್ಮನವರೂ ಇದ್ದರು. ರಾತ್ರಿ ಪಾಳಿಯವರು ಬಂದು "ಜಯಮ್ಮ ಯಾರು?" ಎಂದು ಕೇಳಿದರು, ಅತ್ತೆ ನಿದ್ದೆಗಣ್ಣಿನಲ್ಲೇ "ನಾನೇ" ಎಂದರು, ಮತ್ತೊಬ್ಬರಿಗೆ ಸೇರಬೇಕಾಗಿದ್ದ ಬಿ.ಪಿ. ಮಾತ್ರೆಯನ್ನು ನುಂಗಿಬಿಟ್ಟರು. ಬೆಳಗಿನ ಜಾವ ಶೌಚಕ್ಕೆಂದು ಎದ್ದವರು ತಲೆಸುತ್ತಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ನಮ್ಮ ತಂದೆಯವರ ಹೆಸರು ಪುಟ್ಟಸ್ವಾಮಿ. ನಮ್ಮ ಸೀಮೆಯ ಯಾವ ವಾರ್ಡಿನಲ್ಲಾದರೂ ಆ ಹೆಸರಿನ ಇನ್ನೊಬ್ಬರು ಇರುವ ಸಾಧ್ಯತೆ ಇದ್ದೇ ಇದೆ. ಆಸ್ಪತ್ರೆಯವರಿಗೆ ಅವಿಶ್ವಾಸವೆಂದು ತೋರದ ಹಾಗೆ ನಾವು ಏನೇನನ್ನು ಕೇಳಬಹುದು, ಯಾವ ಹೊತ್ತಿನಲ್ಲಿ ಹೆಚ್ಚು ಎಚ್ಚರವಾಗಿರಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ವಾರ್ಡ್ ಸಿಸ್ಟರ್, ಮೈಸೂರು

ಅಮ್ಮಾ, ಕೇಳುವುದಕ್ಕೆ ಖಂಡಿತ ಸಂಕೋಚಪಡಬೇಡಿ. ಆರೋಗ್ಯ ಸೇವೆ ಪಡೆಯುವ ಪ್ರತಿ 10 ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಆ ಸೇವೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ, ಅದರಲ್ಲಿ ಅರ್ಧದಷ್ಟನ್ನು ತಡೆಯಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಿಮ್ಮ ಅತ್ತೆಯವರ ವಿಷಯದಲ್ಲಿ ತಪ್ಪು ಆರಂಭವಾದದ್ದೇ ಆ ಪ್ರಶ್ನೆಯಿಂದ. ನೋವಿನಲ್ಲಿರುವವರು, ಕಿವಿ ಮಂದವಾಗಿರುವವರು, ಅರೆನಿದ್ದೆಯಲ್ಲಿರುವವರು ಯಾವ ಹೆಸರಿಗಾದರೂ "ಹೂಂ" ಎನ್ನುತ್ತಾರೆ. ಆದ್ದರಿಂದ ಹೆಸರನ್ನು ನಾವು ಹೇಳಬಾರದು, "ನಿಮ್ಮ ಹೆಸರು ಹೇಳಿ" ಎಂದು ರೋಗಿಯ ಬಾಯಿಂದಲೇ ಹೇಳಿಸಬೇಕು. ಆಮೇಲೆ ಕೈಪಟ್ಟಿಯಲ್ಲಿರುವ ಆಸ್ಪತ್ರೆಯ ನಂಬರನ್ನು ಕೇಸ್ ಶೀಟಿನೊಂದಿಗೆ ತಾಳೆ ನೋಡಬೇಕು. ಹಾಸಿಗೆ ಬದಲಾಗುತ್ತಲೇ ಇರುವುದರಿಂದ ಹಾಸಿಗೆಯ ನಂಬರನ್ನು ಗುರುತಾಗಿ ಎಣಿಸುವಂತಿಲ್ಲ. ಮಾತ್ರೆ, ಇಂಜೆಕ್ಷನ್, ಪರೀಕ್ಷೆಗೆ ರಕ್ತ ತೆಗೆಯುವುದು ಎಲ್ಲಕ್ಕೂ ಇದೇ ಕ್ರಮ. ರಕ್ತ ಕೊಡುವಾಗಲಂತೂ ಇಬ್ಬರು ಸಿಬ್ಬಂದಿ ಹಾಸಿಗೆಯ ಪಕ್ಕದಲ್ಲೇ ನಿಂತು ಚೀಲದ ಮೇಲಿನ ವಿವರವನ್ನು ಪರಿಶೀಲಿಸಬೇಕು, ಏಕೆಂದರೆ ಬೇರೆ ಗುಂಪಿನ ರಕ್ತ ಪ್ರಾಣವನ್ನೇ ತೆಗೆಯಬಲ್ಲದು.

ದಾಖಲಾತಿಯ ಕೌಂಟರಿನಲ್ಲಿಯೇ ನೀವು ಮಾಡಬೇಕಾದ ಒಂದು ಕೆಲಸವಿದೆ. ಮನೆಯಲ್ಲಿ ಅಣ್ಣಯ್ಯ, ಆಧಾರ್‌ನಲ್ಲಿ ಪುಟ್ಟಸ್ವಾಮಿ, ಪಡಿತರ ಚೀಟಿಯಲ್ಲಿ ಪುಟ್ಟಸ್ವಾಮಿಗೌಡ ಎಂದಿರುವವರು ನಮ್ಮಲ್ಲಿ ಬಹಳ ಮಂದಿ. ಹೀಗಿದ್ದಾಗ ಪರೀಕ್ಷೆಯ ವರದಿ ಒಂದು ಹೆಸರಿನಲ್ಲಿ, ಕೇಸ್ ಶೀಟ್ ಇನ್ನೊಂದು ಹೆಸರಿನಲ್ಲಿ ಸಿದ್ಧವಾಗುತ್ತದೆ. ಇನಿಷಿಯಲ್ ಸಹಿತ ಒಂದೇ ಹೆಸರನ್ನು ಎಲ್ಲ ಕಡೆಯೂ ಬರೆಸಿ, ವಯಸ್ಸನ್ನೂ ಸರಿಯಾಗಿ ಹೇಳಿ, ಕೈಪಟ್ಟಿಯನ್ನು ಕಟ್ಟುವಾಗ ಓದಿ ನೋಡಿ. ಅದೇ ಹೆಸರಿನ ಇನ್ನೊಬ್ಬರು ಕೋಣೆಯಲ್ಲಿರುವುದು ಕಂಡರೆ ಕೂಡಲೇ ನಮಗೆ ತಿಳಿಸಿ. ಒಬ್ಬರನ್ನು ಬೇರೆ ಕೋಣೆಗೆ ಕಳಿಸುವುದಕ್ಕೆ ಅಥವಾ ಇಬ್ಬರ ಕೇಸ್ ಶೀಟಿನ ಮೇಲೂ ಎಚ್ಚರಿಕೆಯ ಚೀಟಿ ಅಂಟಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ: ಯಾವ ಕಾಲಿಗೆ ಎಂಬ ಗುರುತನ್ನು ರೋಗಿ ಎಚ್ಚರವಾಗಿರುವಾಗಲೇ, ಅವರನ್ನು ಕೇಳಿಯೇ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಥಿಯೇಟರಿನಿಂದ ಹೊರಡುವ ಮೊದಲು ಇಡೀ ತಂಡ ಕೈಕೆಲಸ ನಿಲ್ಲಿಸಿ ಅದನ್ನು ಗಟ್ಟಿಯಾಗಿ ಓದಿ ಉತ್ತರಿಸಬೇಕು. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. "ಇಲ್ಲಿ ಆ ಪಟ್ಟಿಯನ್ನು ಬಳಸುತ್ತೀರಾ?" ಎಂದು ನೀವು ಧಾರಾಳವಾಗಿ ಕೇಳಬಹುದು.

ಕಡೆಯದಾಗಿ ಒಂದು ವಿನಂತಿ. ಪಾಳಿ ಬದಲಾಗುವ ಹೊತ್ತು ಮತ್ತು ಔಷಧಿ ಹಂಚುವ ಹೊತ್ತು, ಇವೆರಡೂ ಬಹಳ ಸೂಕ್ಷ್ಮ. ಮಾತ್ರೆ ಎಣಿಸುತ್ತಿರುವ ಸಿಸ್ಟರನ್ನು ದಿಂಬಿಗೋ ಬಿಸಿನೀರಿಗೋ ಕರೆಯಬೇಡಿ. ಹಾಗೆಯೇ, ಮಂಡಿಯ ಕೀಲಿಗೆ ಸೋಂಕು ತಗುಲಿದರೆ ಗುಣಪಡಿಸುವುದು ಬಲು ಕಷ್ಟವಾದ್ದರಿಂದ ನೋಡಲು ಬರುವ ನೆಂಟರ ಸಂಖ್ಯೆಯನ್ನು ಕಡಿಮೆ ಮಾಡಿ, ಬಂದವರು ಕೈ ಶುಚಿಮಾಡಿಕೊಂಡೇ ಹತ್ತಿರ ಹೋಗುವಂತೆ ನೋಡಿಕೊಳ್ಳಿ.

ಫಾರ್ಮಸಿಸ್ಟ್, ಮಂಡ್ಯ

ಸಿಸ್ಟರ್ ಹೇಳಿದ್ದಕ್ಕೆ ಔಷಧಿಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಅವರು ಈಗಾಗಲೇ ತೆಗೆದುಕೊಳ್ಳುತ್ತಿರುವ ಎರಡು ಔಷಧಿಗಳು.

ನಮ್ಮಲ್ಲಿ ಇನ್ಸುಲಿನ್ ಸೀಸೆಗಳು ಒಂದು ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಪ್ರಮಾಣಗಳಲ್ಲಿ ಸಿಗುತ್ತವೆ. ಅವಕ್ಕೆ ತಕ್ಕಂತೆ ಸಿರಿಂಜುಗಳೂ ಬೇರೆ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್, ಅಂದರೆ ಎರಡೂವರೆ ಪಟ್ಟು. ಶಸ್ತ್ರಚಿಕಿತ್ಸೆಗೆಂದು ಉಪವಾಸವಿರುವ ವೃದ್ಧರಲ್ಲಿ ಇದು ಸಕ್ಕರೆಯನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಹುದು. ಆದ್ದರಿಂದ ಮನೆಯ ಸೀಸೆ, ಸಿರಿಂಜು ಎರಡನ್ನೂ ತೆಗೆದುಕೊಂಡು ಹೋಗಿ ತೋರಿಸಿ. "ಬೆಳಿಗ್ಗೆ 20" ಎಂದು ಬಾಯಲ್ಲಿ ಹೇಳಿ ಬಿಡಬೇಡಿ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವ ದಿನ ನಿಲ್ಲಿಸಬೇಕು, ಯಾವ ದಿನ ಮತ್ತೆ ಆರಂಭಿಸಬೇಕು ಎಂಬುದನ್ನು ಹೃದಯದ ವೈದ್ಯರು, ಶಸ್ತ್ರವೈದ್ಯರು, ಅರಿವಳಿಕೆ ವೈದ್ಯರು ಕೂಡಿ ತೀರ್ಮಾನಿಸಿ ಬರವಣಿಗೆಯಲ್ಲಿ ಕೊಡಬೇಕು. ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಲು ಹೇಳುವುದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಮತ್ತೆ ಆರಂಭಿಸಲು ಹೇಳುವುದು ಮಾತ್ರ ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತದೆ. ಅಂದು ಹಳೆಯ ಔಷಧಿಗಳ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಪಕ್ಕದಲ್ಲಿಟ್ಟು, ಬಿಟ್ಟುಹೋಗಿರುವ ಪ್ರತಿಯೊಂದಕ್ಕೂ ಕಾರಣ ಕೇಳಿ. ನಾಟಿ ಔಷಧಿ, ಕಷಾಯ ಏನಾದರೂ ನಡೆಯುತ್ತಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ.

ಮದ್ದೂರಿನ ಮಗಳು

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಸಿರಿಂಜಿನ ಮುಚ್ಚಳದ ಬಣ್ಣಕ್ಕೆ ಇಷ್ಟು ಅರ್ಥವಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಇನ್ನೊಂದು ಪ್ರಶ್ನೆ: ಇಷ್ಟಾಗಿಯೂ ಏನಾದರೂ ತಪ್ಪಾದರೆ ಯಾರ ಬಳಿ ಹೋಗಬೇಕು? ಅತ್ತೆಯವರ ಸಂದರ್ಭದಲ್ಲಿ ನಮಗೆ ದಿಕ್ಕೇ ತೋಚಿರಲಿಲ್ಲ.

ವಕೀಲರು, ಮೈಸೂರು

ಮೊದಲು ಡ್ಯೂಟಿ ಡಾಕ್ಟರಿಗೆ ತಿಳಿಸಿ ಚಿಕಿತ್ಸೆ ಕೊಡಿಸಿ, ನಡೆದದ್ದನ್ನು ಅದೇ ಹೊತ್ತಿನಲ್ಲಿ ಕೇಸ್ ಶೀಟಿನಲ್ಲಿ ಬರೆಯುವಂತೆ ಕೇಳಿ. ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿಯ ಪ್ರಕಾರ ರೋಗಿಯಾಗಲಿ ಅವರ ಪರವಾಗಿ ಅಧಿಕೃತರಾದವರಾಗಲಿ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಖಾಸಗಿ ಆಸ್ಪತ್ರೆಯಾದರೆ, 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಪರಿಹಾರ ಕೇಳುವುದಾದರೆ ಗ್ರಾಹಕರ ಆಯೋಗವಿದೆ. ಹಣ ಪಡೆದು ನೀಡುವ ಚಿಕಿತ್ಸೆಯೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಆದರೆ ದೂರಿನ ಅರ್ಜಿಯಲ್ಲಿ ಸಾಮಾನ್ಯವಾಗಿ ಜನ ಆ ರಾತ್ರಿ ಪಾಳಿಯಲ್ಲಿದ್ದವರ ಹೆಸರನ್ನಷ್ಟೇ ಬರೆದು ಶಿಕ್ಷೆ ಕೇಳುತ್ತಾರೆ. ಆ ಸಿಬ್ಬಂದಿಯನ್ನು ವರ್ಗ ಮಾಡಿದ ಮೇಲೂ ಇಬ್ಬರು ಜಯಮ್ಮನವರು ಅಕ್ಕಪಕ್ಕದ ಹಾಸಿಗೆಯಲ್ಲೇ ಉಳಿದರೆ ಮುಂದಿನ ಸಿಬ್ಬಂದಿಗೂ ಅದೇ ತಪ್ಪಿನ ದಾರಿ ತೆರೆದಿರುತ್ತದೆ. ಆದ್ದರಿಂದ ಅರ್ಜಿಯಲ್ಲಿ ಎರಡು ಪ್ರಶ್ನೆಗಳನ್ನು ತಪ್ಪದೆ ಸೇರಿಸಿ: ರೋಗಿಯ ಗುರುತನ್ನು ಪರಿಶೀಲಿಸುವ ನಿಮ್ಮ ಲಿಖಿತ ಕ್ರಮ ಯಾವುದು, ಈ ಘಟನೆಯ ನಂತರ ಅದರಲ್ಲಿ ಏನನ್ನು ಬದಲಿಸಿದ್ದೀರಿ. ಉತ್ತರವನ್ನು ಬರವಣಿಗೆಯಲ್ಲೇ ಕೇಳಿ, ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿಯ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ.