ಹಳೆಯ ಲಗ್ನಪತ್ರಿಕೆಯ ಚಿನ್ನದ ಗಣಪತಿ ಕಂದಾಗಿದೆ, ಒರೆಸಬಹುದೇ?

ಹಳೇಟ್ರಂಕು:
ತೆಳುಗುಲಾಬಿ ರಟ್ಟಿನ ಲಗ್ನಪತ್ರಿಕೆ. ಮೇಲೆ ಚಿನ್ನದ ಬಣ್ಣದ ಗಣಪತಿ, ಸುತ್ತ ಬಳ್ಳಿಯಂಚು, ಒಳಗೆ ಕೆಂಪು ಶಾಯಿ. ‘ಕ್ರೋಧಿನಾಮ ಸಂವತ್ಸರದ ಮಾಘ ಶುದ್ಧ’ ಅಂತಿದೆ, ಇಸವಿಯ ಜಾಗ ಹುಳ ತಿಂದಿದೆ. ವಿಳಾಸ ‘ಬೆಂಗಳೂರು-4’. ಚಿನ್ನ ಹಸಿರುಗಂದಾಗಿದೆ, ಮೂಲೆಗಳಲ್ಲಿ ಅರಿಶಿನ. ಹೇಗೆ ಅಚ್ಚು ಹಾಕಿದ್ದು? ಯಾವ ಕಾಲದ್ದು? ಒರೆಸಿ ಲ್ಯಾಮಿನೇಟ್ ಮಾಡಿಸಲೇ?

ಅಚ್ಚುಮೊಳೆ:
ಎರಡೂ ಬೇಡ. ಮೊದಲು ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಕಾಗದಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು ನೋಡಿ. ಅಕ್ಷರ ಕಾಗದಕ್ಕೆ ಒತ್ತಿಕೊಂಡು ಹಿಂಬದಿ ಉಬ್ಬಿದ್ದರೆ ಮೊಳೆ (ಒಂದೊಂದು ಅಕ್ಷರದ ಲೋಹದ ಅಚ್ಚು) ಜೋಡಿಸಿ ಹೊಡೆದ ಅಚ್ಚು. 10 ಪಟ್ಟಿನ ಭೂತಗನ್ನಡಿಯಲ್ಲಿ ಅಕ್ಷರದ ಅಂಚಿಗೆ ಶಾಯಿ ತಳ್ಳಲ್ಪಟ್ಟು ಗಾಢ ಗೆರೆ ಕಟ್ಟಿರುತ್ತದೆ. ಮೊಳೆಯಿಲ್ಲದ ಆಫ್‌ಸೆಟ್ ಮುದ್ರಣದಲ್ಲಿ ಈ ಗೆರೆಯೂ ಇಲ್ಲ, ಉಬ್ಬೂ ಇಲ್ಲ.

‘ಸಂವತ್ಸರ’ದ ತ್ಸ ನೋಡಿ. ಒತ್ತಕ್ಷರಕ್ಕೆ ಬೇರೆ ಮೊಳೆ, ಅದಕ್ಕೇ ಒತ್ತು ತಾಯಕ್ಷರದ ಅಡಿಗೆ ಕೂರದೆ ಬಲಕ್ಕೆ ಸರಿದಿರುತ್ತದೆ. ಬಳ್ಳಿಯಂಚೂ ಒಂದೇ ಚಿತ್ರವಲ್ಲ, ಚಿಕ್ಕ ಚಿಕ್ಕ ಹೂಮೊಳೆಗಳ ಸಾಲು. ಮೂಲೆಯಲ್ಲಿ ಕೂದಲೆಳೆ ಸಂದು ಕಂಡರೆ ಜೋಡಿಸಿದವನ ಕೈಯ ಗುರುತು ಸಿಕ್ಕ ಹಾಗೆ. ನನ್ನ ಮಟ್ಟಿಗೆ ಗಣಪತಿಗಿಂತ ಚೆಂದ ಆ ಸಂದೇ.

ಚಿನ್ನ ಅಂದದ್ದು ಹಿತ್ತಾಳೆ ಪುಡಿ. ಚಿತ್ರ ಕೊರೆದ ಬ್ಲಾಕಿನಿಂದ ಅಂಟುಶಾಯಿ ಹೊಡೆದು, ಹಸಿಯಿರುವಾಗಲೇ ಹತ್ತಿಯಲ್ಲಿ ಪುಡಿ ಸವರಿ, ಹೆಚ್ಚಿನದನ್ನು ಕುಂಚದಿಂದ ಕೊಡವುತ್ತಿದ್ದರು. ಪುಡಿಯಲ್ಲಿನ ತಾಮ್ರ ಗಾಳಿ, ತೇವಕ್ಕೆ ಬಣ್ಣಗೆಟ್ಟಿದೆ. ಒರೆಸಿದರೆ ಹೊಳಪು ಬರುವುದಿಲ್ಲ, ಪುಡಿಯೇ ಉದುರಿಹೋಗುತ್ತದೆ.

ಪಂಚಾಂಗಪ್ರಿಯ:
ಕಾಲದ ಬಗ್ಗೆ. ಕ್ರೋಧಿ ಅಂದರೆ 1964ರ ಯುಗಾದಿಯಿಂದ 1965ರ ಯುಗಾದಿವರೆಗೆ. ಮಾಘ ಶುದ್ಧ ಬರುವುದು 1965ರ ಫೆಬ್ರವರಿಯಲ್ಲಿ, 64ರಲ್ಲಲ್ಲ. ಹಲವರು ಎಡವುವುದು ಇಲ್ಲೇ. ಸಂವತ್ಸರದ ಹೆಸರು ‘ಕ್ರೋಧನನಾಮ’ ಇರಬಹುದೇ ಎಂದೂ ಗನ್ನಡಿಯಲ್ಲಿ ನೋಡಿ. ಹಾಗಾದರೆ 1986ರ ಫೆಬ್ರವರಿ. ‘ಧಿ’ಯ ಗುಡಿಸು ಸ್ಪಷ್ಟವಿದ್ದರೆ ಅನುಮಾನ ಬೇಡ. ‘ಬೆಂಗಳೂರು-4’ (ಹಳೆಯ ಅಂಚೆ ವಲಯದ ಸಂಖ್ಯೆ) ಒಂದನ್ನೇ ನೆಚ್ಚಬೇಡಿ: ಆರಂಕಿಯ ಪಿನ್‌ಕೋಡ್ 1972ರ ಆಗಸ್ಟ್ 15ಕ್ಕೆ ಬಂತು, ಆದರೆ ಹಳೆಯ ರೂಢಿ ಬೇಗ ಬಿಡಲಿಲ್ಲ. ಎಲ್ಲಾದರೂ ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಗಟ್ಟಿ ಸಾಕ್ಷಿ, 1973ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು.

ಕಾಗದಕೀಟ:
ಲ್ಯಾಮಿನೇಷನ್ನಿನ ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಮಡಿಕೆ ನೇರ ಮಾಡಲು ಇಸ್ತ್ರಿಯೂ ಬೇಡ. ಪಿನ್ನು, ಕ್ಲಿಪ್ಪು ಇದ್ದರೆ ತೆಗೆಯಿರಿ, ತುಕ್ಕು ಬೇರೆ ಹಾಳೆಗೂ ಹತ್ತುತ್ತದೆ. ಧೂಳನ್ನು ಮೆತ್ತನೆಯ ಒಣಕುಂಚದಿಂದ ಅಂಚಿನ ಕಡೆಗೆ ತಳ್ಳಿ, ಗಣಪತಿಯ ಮೇಲೆ ಕುಂಚ ಹೋಗದಿರಲಿ.

ಅರಿಶಿನ ಹಾಗೇ ಇರಲಿ, ಪತ್ರಿಕೆಯ ವಿನ್ಯಾಸದಲ್ಲಿ ಅದೂ ಒಂದು ಪಾಲು. ಆದರೆ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಸುಣ್ಣ ಬೆರೆತ ಹಾಗೆ. ಅದಕ್ಕೇ ಆಮ್ಲ ನೀಗಿಸುವ ಸ್ಪ್ರೇ ಹೊಡೆಯಬೇಡಿ, ಕ್ಷಾರ ಬೆರೆಸಿದ ‘ಬಫರ್ಡ್’ ಹಾಳೆಯೂ ಬೇಡ. ಆಮ್ಲರಹಿತ, ಬಫರ್ ಇಲ್ಲದ ತೆಳುಹಾಳೆಯನ್ನು ಮಡಿಕೆಯ ನಡುವೆಯೂ ಎರಡು ಪತ್ರಿಕೆಗಳ ನಡುವೆಯೂ ಇಡಿ. ಇಲ್ಲವಾದರೆ ಚಿನ್ನದ ಕಂದು ಎದುರು ಪುಟಕ್ಕೆ ಅಚ್ಚೊತ್ತುತ್ತದೆ. ಹೊರಗೆ ಪಾಲಿಯೆಸ್ಟರ್ ಅಥವಾ ಪಾಲಿಪ್ರಾಪಿಲೀನ್ ಚೀಲ, ಪಿವಿಸಿ ಕೂಡದು. ಅರಿಶಿನ ಬೆಳಕಿಗೆ ಬೇಗ ಮಾಸುತ್ತದೆ, ಗೋಡೆಗೆ ಹಾಕುವುದಾದರೆ ನಕಲು ಹಾಕಿ.

ಹಳೇಟ್ರಂಕು:
‘ಧಿ’ಯೇ, ಗುಡಿಸು ಸ್ಪಷ್ಟವಿದೆ. ನಕಲಿಗೆ ಸ್ಕ್ಯಾನ್ ಮಾಡಿದರೆ ಗಣಪತಿ ಕಪ್ಪಾಗಿ ಬರುತ್ತಿದ್ದಾನೆ.

ಅಚ್ಚುಮೊಳೆ:
ಲೋಹದ ಪುಡಿಗೆ ಬಿದ್ದ ಬೆಳಕು ಸ್ಕ್ಯಾನರಿನ ಕಣ್ಣು ತಪ್ಪಿಸಿ ಬೇರೆ ಕಡೆ ಚಿಮ್ಮುತ್ತದೆ, ಅದಕ್ಕೆ. ಒಳಪುಟಗಳಿಗೆ 600 ಡಿಪಿಐ ಸಾಕು, ಬಣ್ಣ ತಿದ್ದುವ ಆಯ್ಕೆ ಆರಿಸಿಡಿ, ಹಿಂದೆ ಕಪ್ಪು ಹಾಳೆ ಇಟ್ಟರೆ ಹಿಂಬದಿಯ ಅಕ್ಷರ ಇಣುಕುವುದಿಲ್ಲ. ಗಣಪತಿಯನ್ನು ಮಾತ್ರ ಕ್ಯಾಮೆರಾದಲ್ಲಿ ತೆಗೆಯಿರಿ: ಕಿಟಕಿಯ ಪಕ್ಕ ಕೂತು, ಒಂದು ಬಿಳಿ ರಟ್ಟನ್ನು ಎದುರು ಬದಿಯಲ್ಲಿ ಓರೆಯಾಗಿ ಹಿಡಿದು, ಅದರ ಬಿಂಬ ಚಿನ್ನದ ಮೇಲೆ ಬೀಳುವವರೆಗೆ ವಾಲಿಸುತ್ತಾ ಹೋಗಿ.