ರಕ್ತ ಕಂಡರೆ ಕಣ್ಣು ಕತ್ತಲೆ: ಓದುಗರ ಸ್ಪಂದನ

ತುಮಕೂರಿನಲ್ಲಿ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಆಗಿ ಹೊಸದಾಗಿ ಸೇರಿದ ಓದುಗರೊಬ್ಬರು ಕಳೆದ ಬಾರಿ ತಮ್ಮ ಸಂಕಟ ಹೇಳಿಕೊಂಡಿದ್ದರು. ದೊಡ್ಡ ಗಾಯ ಕಂಡ ಕೂಡಲೇ ಬೆವರು, ವಾಕರಿಕೆ. ಒಮ್ಮೆ ತಲೆ ಸುತ್ತಿ ಬಿದ್ದೇಬಿಟ್ಟರಂತೆ. ಈ ಕೆಲಸ ನನ್ನ ಕೈಲಾಗುತ್ತಾ ಎಂದು ಕೇಳಿದ್ದರು.

ಸಂಕೋಚ ಬೇಡ, ಇದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ರಕ್ತ ಕಂಡಾಗ ಕೆಲವರ ಬಿಪಿ ಮೊದಲು ಸ್ವಲ್ಪ ಏರಿ, ಆಮೇಲೆ ದಿಢೀರನೆ ಇಳಿದುಬಿಡುತ್ತದೆ. ಎದೆಬಡಿತವೂ ನಿಧಾನವಾಗುತ್ತದೆ. ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತುತ್ತದೆ. ಹಾಗಾಗಿ 'ಮೈ ಸಡಿಲ ಬಿಡು, ರಿಲ್ಯಾಕ್ಸ್ ಆಗು' ಎನ್ನುವವರ ಮಾತು ಇಲ್ಲಿ ಉಲ್ಟಾ ಹೊಡೆಯಬಹುದು. ನೀವು ಮೈ ಬಿಗಿ ಮಾಡಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಅಭ್ಯಾಸವಿದು. ಕೂತುಕೊಂಡು ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10-15 ಸೆಕೆಂಡ್ ಬಿಗಿ ಹಿಡಿಯಿರಿ. ಮುಖ ಬೆಚ್ಚಗಾಗುತ್ತದೆ. 20-30 ಸೆಕೆಂಡ್ ಬಿಟ್ಟು ಮತ್ತೆ ಮಾಡಿ, ಹೀಗೆ 5 ಸಲ. ಮನೆಯಲ್ಲಿ ದಿನಾ ಮಾಡಿ ರೂಢಿಯಾದರೆ ಡ್ಯೂಟಿಯಲ್ಲಿ ತಾನಾಗಿಯೇ ಬರುತ್ತದೆ. ಖಾಲಿ ಹೊಟ್ಟೆಯಲ್ಲಂತೂ ಡ್ಯೂಟಿಗೆ ಹೋಗಲೇಬೇಡಿ.
– ಕ್ಯಾಶುವಾಲ್ಟಿ ನರ್ಸ್, ಕೋಲಾರ

ಶಿರಾ ಕಡೆ ಹೈವೇ 48ರಲ್ಲಿ ಓಡಾಡುವವನು ನಾನು. ಲಾರಿ, ಬೈಕ್ ಅಪಘಾತದ ಕೇಸುಗಳೇ ಜಾಸ್ತಿ. ಸ್ಪಾಟಿಗೆ ಹೋದ ಕೂಡಲೇ ಕೈಗೆ ಕೆಲಸ ಕೊಡಿ. ತೊಡೆ ಸೀಳಿ ರಕ್ತ ಹರಿಯುತ್ತಿದೆ ಅಂದುಕೊಳ್ಳಿ. ಪ್ಯಾಡ್ ಇಟ್ಟು ಅಂಗೈ ಊರಿ ಒತ್ತಿ. ಗ್ಲೌಸ್ ಒಳಗೂ ಆ ಬಿಸಿ ಗೊತ್ತಾಗುತ್ತದೆ, ಆಗಲೇ ಹೊಟ್ಟೆ ತೊಳಸುವುದು. ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗಿ: 'ಪ್ಯಾಡ್ ನೆನೆಯಿತು, ತೆಗೆಯಬಾರದು, ಮೇಲೊಂದು ಇಟ್ಟೆ, ಒತ್ತುತ್ತಿದ್ದೇನೆ.' ನಿಲ್ಲಲಿಲ್ಲವಾದರೆ ಟೂರ್ನಿಕೆಟ್, ಅಂದರೆ ರಕ್ತ ತಡೆಯಲು ಗಾಯಕ್ಕಿಂತ ಮೇಲೆ ಬಿಗಿಯುವ ಪಟ್ಟಿ, ಕಟ್ಟಿ; ಕಟ್ಟಿದ ಟೈಮ್ ಬರೆಯಿರಿ. ಹೀಗೆ ಮಾತಾಡುತ್ತಿದ್ದರೆ ಕಣ್ಣು ಗಾಯದ ಮೇಲೆ ಸುಮ್ನೆ ನೆಟ್ಟುಕೊಂಡು ನಿಲ್ಲುವುದಿಲ್ಲ. ಪೇಷಂಟಿಗೂ ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಧೈರ್ಯ. ರಕ್ತ, ಡೀಸೆಲ್ ಎಲ್ಲ ಸೇರಿದ ವಾಸನೆ ತಡೆಯಲಾಗದಿದ್ದರೆ ಮಾಸ್ಕ್ ಹೊರಗೆ ಒಂಚೂರು ನೋವಿನ ಬಾಮ್ ಸವರಿ. ಇಷ್ಟಾದರೂ ಕಿವಿ ಗುಂಯ್ ಅಂದರೆ ಆಂಬುಲೆನ್ಸ್ ಓಡಿಸುವ ಪೈಲಟ್‌ಗೆ ಹೇಳಿ ತಕ್ಷಣ ನೆಲಕ್ಕೆ ಕೂತುಬಿಡಿ. ಪೇಷಂಟಿನ ಮೇಲೆ ಬಿದ್ದರೆ ಇಬ್ಬರಿಗೂ ಕಷ್ಟ ಅಲ್ವಾ?
– ಇಎಂಟಿ, ಶಿರಾ

ನನ್ನ ಮಗನೂ ಇದೇ ಕೆಲಸದಲ್ಲಿದ್ದಾನೆ. ಸ್ಪಾಟಿನಲ್ಲಿ ಗಟ್ಟಿಯಾಗಿರುತ್ತಾನೆ. ಚಿಕ್ಕ ಮಕ್ಕಳ ಕೇಸ್ ಬಂದ ರಾತ್ರಿ ಮಾತ್ರ ಊಟ ಸೇರುವುದಿಲ್ಲ. ಹಾಗಾಗಿ ಮನೆಯವರಿಗೆ ಒಂದು ಮಾತು: 'ಏನು ನೋಡಿದೆ' ಎಂದು ಕೆದಕಬೇಡಿ, ಜೊತೆಗೆ ಕೂತಿರಿ. ಅವರಾಗಿ ಹೇಳಿದರೆ ಕೇಳಿ. ನೋಡಿದ್ದು ಮತ್ತೆ ಮತ್ತೆ ಕಣ್ಣ ಮುಂದೆ ಬಂದು ನಿದ್ದೆ ಕೆಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ತಿಂಗಳಾದರೂ ಕಮ್ಮಿಯಾಗದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಅದಕ್ಕೆ ರಜೆ ಹಾಕಿದರೂ ಪರವಾಗಿಲ್ಲ.
– ಒಬ್ಬ ತಾಯಿ, ಬಾಗೇಪಲ್ಲಿ