ಕತ್ತಲಾದ ಕೂಡಲೇ ಗೇಟ್ ಕ್ಯಾಮೆರಾ ಆಫ್‌ಲೈನ್, ಬೆಳಗ್ಗೆ ತಾನಾಗೇ ಸರಿ

ಗೇಟುಕಾವಲು:
ಎರಡು ವಾರದಿಂದ ತಲೆ ಕೆಟ್ಟು ಹೋಗಿದೆ. ಮನೆಗೆ ನಾಲ್ಕು ಕ್ಯಾಮೆರಾ ಹಾಕಿದ್ದೇನೆ. ಮೂರು ಚೆನ್ನಾಗಿವೆ. ಗೇಟಿನದು ಮಾತ್ರ ಕತ್ತಲಾಗುತ್ತಿದ್ದಂತೆ ಆಫ್‌ಲೈನ್ ಆಗುತ್ತದೆ, ಒಂದು ನಿಮಿಷ ಬರುತ್ತದೆ, ಮತ್ತೆ ಹೋಗುತ್ತದೆ, ರಾತ್ರಿಯೆಲ್ಲ ಇದೇ. ಬೆಳಕು ಹರಿದರೆ ತಾನಾಗೇ ಸರಿ. ರೀಸೆಟ್ ಮಾಡಿ ಆಯ್ತು, ಫರ್ಮ್‌ವೇರ್ ಅಪ್‌ಡೇಟ್ ಆಯ್ತು, ಕ್ಯಾಮೆರಾನೇ ಬದಲಾಯಿಸಿಕೊಂಡು ಬಂದೆ, ಹೊಸದೂ ಹಾಗೇ ಮಾಡುತ್ತಿದೆ. ಹಗಲು ನಾವೇ ಮನೆಯಲ್ಲಿರುತ್ತೇವೆ, ನನಗೆ ಬೇಕಿರುವುದೇ ರಾತ್ರಿಯ ರೆಕಾರ್ಡಿಂಗ್. ಯಾರಿಗಾದರೂ ಹೀಗಾಗಿದೆಯಾ?

ಅಲೆಮಾಲೆ:
ವೈಫೈ ಸಮಸ್ಯೆ, ಅನುಮಾನವೇ ಬೇಡ. ಸಂಜೆ ಅಕ್ಕಪಕ್ಕದವರೆಲ್ಲ ಮನೆ ಸೇರಿ ಫೋನು, ಟಿವಿ ಹಿಡಿದು ಕೂರುತ್ತಾರೆ, 2.4 ಗಿಗಾಹರ್ಟ್ಸ್ ತುಂಬಿ ಹೋಗುತ್ತದೆ. ಒಂದಕ್ಕೊಂದು ತಾಗದ ಚಾನೆಲ್ ಅಂದ್ರೆ 1, 6, 11 ಅಷ್ಟೇ. ರೌಟರ್‌ನಲ್ಲಿ ಆಟೋ ತೆಗೆದು, ಈ ಮೂರರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಹಾಕಿ.

ಗೇಟುಕಾವಲು:
11ಕ್ಕೆ ಹಾಕಿದೆ ಸರ್. ನಿನ್ನೆ ರಾತ್ರಿಯೂ ಅದೇ ಗೋಳು.

ಅಲೆಮಾಲೆ:
ಹಾಗಾದ್ರೆ 1ಕ್ಕೆ ಹಾಕಿ ನೋಡಿ. ಮಧ್ಯೆ ಗೋಡೆ ಎಷ್ಟಿವೆ? ಗೇಟಿನ ಹತ್ತಿರ ಒಂದು ಮೆಶ್ ನೋಡ್, ಅಂದ್ರೆ ವೈಫೈ ಮುಂದಕ್ಕೆ ಹರಡುವ ಪೆಟ್ಟಿಗೆ, ಇಟ್ಟರೆ ಮುಗಿಯಿತು.

ಮೂರನೇಮಹಡಿ:
ಮೆಶ್ ಯಾಕೆ? 5 ಗಿಗಾಹರ್ಟ್ಸ್‌ಗೆ ಹಾಕಲಿ.

ಅಲೆಮಾಲೆ:
5 ಗೋಡೆ ದಾಟುವುದು ಕಡಿಮೆ. ಎಷ್ಟೋ ಕ್ಯಾಮೆರಾಗಳಿಗೆ 5 ಹಿಡಿಯುವುದೇ ಇಲ್ಲ. ಬಳಸಿ ನೋಡಿದವರು ಹೇಳಿದರೆ ಒಳ್ಳೆಯದು.

ಮೂರನೇಮಹಡಿ:
ಬಳಸುತ್ತಿದ್ದೇನೆ, ಅದಕ್ಕೇ ಹೇಳಿದ್ದು.

ಗೇಟುಕಾವಲು:
ಒಂದು ನಿಮಿಷ. ನನ್ನ ಕ್ಯಾಮೆರಾ ವೈಫೈ ಅಲ್ಲ. ನಾಲ್ಕೂ ಕೇಬಲ್‌ನವು, ಎನ್‌ವಿಆರ್‌ಗೆ (ರೆಕಾರ್ಡಿಂಗ್ ಪೆಟ್ಟಿಗೆಗೆ) ಬರುತ್ತವೆ. ವೈಫೈ ಇರುವುದು ನಮ್ಮ ಫೋನಿಗೆ ಮಾತ್ರ. ನೀವು ರೌಟರ್ ಅಂದಿರಿ, ಅದಕ್ಕೆ ಬದಲಾಯಿಸಿದೆ.

ತಂತಿಬೆಸುಗೆ:
ಇದನ್ನು ಮೊದಲೇ ಹೇಳಬೇಕಿತ್ತು, ಮೂರು ದಿನ ಸುಮ್ನೆ ಹೋಯ್ತು. ಈಗ ಇಷ್ಟು ಹೇಳಿ. ಗೇಟಿನ ಕ್ಯಾಮೆರಾಗೆ ಕರೆಂಟ್ ಎಲ್ಲಿಂದ ಹೋಗುತ್ತದೆ? ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಪಿಒಇ ಸ್ವಿಚ್ಚಾ, ಅಡಾಪ್ಟರಾ? ಕೇಬಲ್ ಎಷ್ಟು ಮೀಟರ್? ಸಂಜೆ ಕ್ಯಾಮೆರಾ ಕೆಳಗೆ ನಿಂತರೆ ಏನಾದರೂ ಸದ್ದು ಕೇಳುತ್ತದೆಯಾ?

ಮೂರನೇಮಹಡಿ:
ಕೇಬಲ್ ಆದ್ರೆ ಕಂಪನಿಯ ಸರ್ವರ್ ಸಂಜೆ ಹೊತ್ತು ನಿಧಾನ ಆಗ್ತಿರಬಹುದು. ಪೋರ್ಟ್ ಫಾರ್ವರ್ಡ್ ಮಾಡಿ, ಅಂದ್ರೆ ರೌಟರ್‌ನಲ್ಲಿ ಹೊರಗಿನಿಂದ ದಾರಿ ತೆರೆದು, ನೇರವಾಗಿ ನೋಡಿ.

ರಾತ್ರಿಪಾಳಿ:
ದಯವಿಟ್ಟು ಅದೊಂದು ಮಾಡಬೇಡಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹಬ್ಬಿದ್ದು ಹೀಗೇ. ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಯಿಸದೆ ಇಂಟರ್ನೆಟ್‌ಗೆ ತೆರೆದಿಟ್ಟ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಹುಡುಕಿ ಹಿಡಿಯುತ್ತಿತ್ತು. ಹೊರಗಿನಿಂದ ನೋಡಬೇಕು ಅಂದ್ರೆ ವಿಪಿಎನ್ (ಮನೆ ನೆಟ್‌ವರ್ಕ್‌ಗೆ ಗುಪ್ತ ದಾರಿ) ಹಾಕಿಕೊಳ್ಳಿ.

ಮೂರನೇಮಹಡಿ:
ಪಾಸ್‌ವರ್ಡ್ ಗಟ್ಟಿ ಇದ್ದರೆ ಏನೂ ಆಗಲ್ಲ. ನನ್ನದು ನಾಲ್ಕು ವರ್ಷದಿಂದ ಹಾಗೇ ಇದೆ.

ರಾತ್ರಿಪಾಳಿ:
ಫರ್ಮ್‌ವೇರ್‌ನಲ್ಲೇ ತೂತಿದ್ದರೆ ಪಾಸ್‌ವರ್ಡ್ ಏನು ಮಾಡುತ್ತದೆ? ಮನೆಯೊಳಗಿನ ಚಿತ್ರ ಬೇರೆಯವರಿಗೆ ಸಿಗುವ ವಿಷಯ ಇದು, ಹಗುರವಾಗಿ ತೆಗೆದುಕೊಳ್ಳಬೇಡಿ.

ಎಂಟುಟೆರಾ:
ನಾನು 12 ಕ್ಯಾಮೆರಾ ಹಾಕಿದ್ದೇನೆ, ಎಲ್ಲ ಪಿಒಇ, ಒಂದು ದಿನವೂ ನಿಂತಿಲ್ಲ. ಒಂದೊಂದೂ 4 ಎಂಬಿಪಿಎಸ್, ಅಂದ್ರೆ ದಿನಕ್ಕೆ ತಲಾ 43 ಜಿಬಿ. 8 ಟಿಬಿ ಡಿಸ್ಕ್‌ನಲ್ಲಿ 15 ದಿನದ್ದು ಉಳಿಯುತ್ತದೆ. ಸರ್ವೆಲೆನ್ಸ್‌ಗೆ ಅಂತಲೇ ಬರುವ ಡಿಸ್ಕ್ ಹಾಕಿದ್ದೇನೆ, ಸ್ವಿಚ್, ಎನ್‌ವಿಆರ್ ಎರಡಕ್ಕೂ ಯುಪಿಎಸ್ ಇದೆ. ರ‍್ಯಾಕ್ ಫೋಟೋ ಬೇಕಾದವರು ಹೇಳಿ.

ತಂತಿಬೆಸುಗೆ:
ಚೆನ್ನಾಗಿದೆ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಅವರ ಕ್ಯಾಮೆರಾ ಇನ್ನೂ ಎದ್ದಿಲ್ಲ.

ಗೇಟುಕಾವಲು:
ಅಡಾಪ್ಟರ್ ಮನೆಯೊಳಗೆ ಎನ್‌ವಿಆರ್ ಪಕ್ಕದಲ್ಲಿದೆ. ನೆಟ್‌ವರ್ಕ್ ಕೇಬಲ್‌ನಲ್ಲಿ ಡೇಟಾಗೆ ಬಳಸದೆ ಉಳಿದ ನಾಲ್ಕು ತಂತಿಯಲ್ಲೇ 12 ವೋಲ್ಟ್ ಕಳಿಸಿದ್ದಾರೆ, ನೀಲಿ ಜೋಡಿ ಪ್ಲಸ್, ಕಂದು ಜೋಡಿ ಮೈನಸ್. ನಾಲ್ಕೂ ಹೀಗೇ ಇವೆ. ಉಳಿದ ಮೂರು 10 ಮೀಟರ್ ಒಳಗೆ, ಗೇಟಿನದು 45. ಇವತ್ತು ಸಂಜೆ ಹೋಗಿ ನಿಂತೆ. ಮೊದಲು ಒಳಗಿನಿಂದ 'ಟಕ್' ಅಂತ ಸದ್ದು. ಲೆನ್ಸ್ ಸುತ್ತ ಸಣ್ಣ ಕೆಂಪು ಚುಕ್ಕಿಗಳು ಹೊತ್ತಿಕೊಂಡವು. ಎರಡೇ ಸೆಕೆಂಡಿಗೆ ಎಲ್ಲ ಆರಿತು. ಸುಮಾರು ಒಂದು ನಿಮಿಷ ಬಿಟ್ಟು ಮತ್ತೆ ಟಕ್, ಮತ್ತೆ ಕೆಂಪು, ಮತ್ತೆ ಕತ್ತಲು.

ತಂತಿಬೆಸುಗೆ:
ಸಿಕ್ಕಿತು. ಆ ಟಕ್ ಅಂದ್ರೆ ಐಆರ್ (ಇನ್‌ಫ್ರಾರೆಡ್) ಬೆಳಕನ್ನು ಹಗಲು ತಡೆಯುವ ಐಆರ್ ಕಟ್ ಫಿಲ್ಟರ್ ಸೆನ್ಸರ್ ಮುಂದಿನಿಂದ ಪಕ್ಕಕ್ಕೆ ಸರಿಯುವ ಸದ್ದು, ರಾತ್ರಿ ಮೋಡ್‌ಗೆ ಹೋಗುವಾಗ ಬರುತ್ತದೆ. ಕೆಂಪು ಚುಕ್ಕಿ ಕತ್ತಲಲ್ಲಿ ಕ್ಯಾಮೆರಾಗೆ ಬೆಳಕು ಕೊಡುವ ಐಆರ್ ಎಲ್‌ಇಡಿಗಳು. ಅವು ಹೊತ್ತಿಕೊಂಡಾಗ ಕ್ಯಾಮೆರಾ ಹಗಲಿಗಿಂತ ಎರಡು ಮೂರು ಪಟ್ಟು ಕರೆಂಟ್ ಎಳೆಯುತ್ತದೆ. 45 ಮೀಟರ್ ಸಣ್ಣ ತಂತಿಯಲ್ಲಿ 12 ವೋಲ್ಟ್ ಅಷ್ಟನ್ನು ತಾಳುವುದಿಲ್ಲ, ಕ್ಯಾಮೆರಾ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಬಿದ್ದು ರೀಬೂಟ್ ಆಗುತ್ತದೆ. ಖಾತ್ರಿ ಮಾಡಿಕೊಳ್ಳಲು ಇವತ್ತು ರಾತ್ರಿ ಆಪ್‌ನಲ್ಲಿ ಐಆರ್ ಆಫ್ ಮಾಡಿಡಿ. ಚಿತ್ರ ಕಪ್ಪಾಗಿರುತ್ತದೆ, ಆದರೆ ಕ್ಯಾಮೆರಾ ಆಫ್‌ಲೈನ್ ಆಗಬಾರದು. ನಾಳೆ ಮಲ್ಟಿಮೀಟರ್ ಹಿಡಿದು ಎರಡೂ ತುದಿಯಲ್ಲಿ, ಕ್ಯಾಮೆರಾ ಓಡುತ್ತಿರುವಾಗಲೇ, ವೋಲ್ಟೇಜ್ ನೋಡಿ. ಇನ್ನೊಂದು, ತಂತಿಯ ತುದಿಯನ್ನು ಬ್ಲೇಡ್‌ನಲ್ಲಿ ಕೆರೆದು ನೋಡಿ, ಒಳಗೂ ಕೆಂಪಗಿದೆಯಾ ಅಂತ.

ಗೇಟುಕಾವಲು:
ಐಆರ್ ಆಫ್ ಮಾಡಿದ್ದಕ್ಕೆ ರಾತ್ರಿಯೆಲ್ಲ ಒಮ್ಮೆಯೂ ಹೋಗಲಿಲ್ಲ! ಅಡಾಪ್ಟರ್ ಹತ್ತಿರ 12.1, ಗೇಟಿನಲ್ಲಿ ಹಗಲು 10.3. ಸಂಜೆ ಐಆರ್ ಆನ್ ಮಾಡಿದ ಕ್ಷಣ ಮೀಟರ್ 7ರ ಹತ್ತಿರ ಬಿದ್ದು ವಾಪಸ್ ಏರಿತು. ಕ್ಯಾಮೆರಾ ಮೇಲೆ 12 ವೋಲ್ಟ್, 25% ಹೆಚ್ಚು ಕಡಿಮೆ ಅಂತ ಬರೆದಿದೆ. ತಂತಿ ಕೆರೆದರೆ ಮೇಲೆ ಮಾತ್ರ ಕೆಂಪು, ಒಳಗೆ ಬೆಳ್ಳಗಿದೆ.

ಅಲೆಮಾಲೆ:
ಓ, ಸರಿ. ಹಾಗಾದ್ರೆ 18 ವೋಲ್ಟ್ ಅಡಾಪ್ಟರ್ ಹಾಕಿಬಿಡಿ, ಬಿದ್ದರೂ 12 ಉಳಿಯುತ್ತದೆ.

ತಂತಿಬೆಸುಗೆ:
ಬೇಡ ಬೇಡ. ಹಗಲು ಅಷ್ಟು ಬೀಳುವುದಿಲ್ಲ, 16 ವೋಲ್ಟ್ ಕ್ಯಾಮೆರಾಗೆ ಹೋಗುತ್ತದೆ. ಅವರದು ತಾಳುವುದು 9ರಿಂದ 15. ಸುಟ್ಟೇ ಹೋದೀತು.
ನಿಮ್ಮದು ತಾಮ್ರ ಬಳಿದ ಅಲ್ಯೂಮಿನಿಯಂ ಕೇಬಲ್, ಸಿಸಿಎ ಅನ್ನುತ್ತಾರೆ. ತಾಮ್ರಕ್ಕಿಂತ ಅದರ ರೆಸಿಸ್ಟೆನ್ಸ್ ಜಾಸ್ತಿ, ಒಂದೂವರೆ ಪಟ್ಟು ಅಂತ ಇಟ್ಟುಕೊಳ್ಳಿ. ಮನೆ ತುದಿಯಲ್ಲಿ ಕೇಬಲ್‌ಗೆ 48 ವೋಲ್ಟ್ ಸೇರಿಸುವ 802.3ಎಎಫ್ (ಪಿಒಇಯ ಒಂದು ಸ್ಟ್ಯಾಂಡರ್ಡ್) ಪಿಒಇ ಇಂಜೆಕ್ಟರ್ ಹಾಕಿ, ಗೇಟಿನಲ್ಲಿ 48ನ್ನು 12 ಮಾಡಿ ಕೊಡುವ ಆಕ್ಟಿವ್ ಸ್ಪ್ಲಿಟರ್ ಹಾಕಿ. ಅಷ್ಟೇ ವ್ಯಾಟ್‌ಗೆ 48 ವೋಲ್ಟ್‌ನಲ್ಲಿ ಕರೆಂಟ್ ಕಾಲು ಭಾಗ ಸಾಕು, ದಾರಿಯಲ್ಲಿ ಬೀಳುವುದೂ ಕಡಿಮೆ. ಈಗ 12 ವೋಲ್ಟ್ ಸೇರಿಸಿ ತೆಗೆಯುವ ಬಾಲದ ತಂತಿಗಳನ್ನು ಎರಡೂ ಕಡೆ ತೆಗೆದುಬಿಡಿ, ಪಿಒಇ ಜೊತೆ ಬೆರೆಸಬೇಡಿ. ಮುಂದೆ ಕೇಬಲ್ಲನ್ನೂ ಶುದ್ಧ ತಾಮ್ರದ್ದಕ್ಕೆ ಬದಲಾಯಿಸಿ, ಸಿಸಿಎ ಪಿಒಇಗೆ ಮಾಡಿದ ಕೇಬಲ್ ಅಲ್ಲ.

ಗೇಟುಕಾವಲು:
ಹಾಕಿದೆ. ಐಆರ್ ಆನ್ ಇಟ್ಟೇ ನಾಲ್ಕು ರಾತ್ರಿ, ಒಂದು ಸೆಕೆಂಡ್ ಕೂಡ ತಪ್ಪಿಲ್ಲ. ಕನೆಕ್ಟರ್ ಬಿಚ್ಚಿದಾಗ ಎರಡು ಪಿನ್ ಹಸಿರುಗಟ್ಟಿದ್ದವು, ಅದನ್ನೂ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ. ತುಂಬಾ ತುಂಬಾ ಧನ್ಯವಾದ ಸರ್. ಈಗ ಲೆನ್ಸ್ ಮುಂದೆ ಬಿಳಿ ದಾರ ತೂಗಾಡಿದಂತೆ ಕಾಣುತ್ತದೆ, ರಾತ್ರಿಯೆಲ್ಲ ಮೋಷನ್ ಅಲರ್ಟ್.

ರಾತ್ರಿಪಾಳಿ:
ಜೇಡರ ಬಲೆ. ಐಆರ್ ಬೆಳಕು ಹತ್ತಿರದ ಎಳೆಗೆ ತಾಗಿ ಹಾಗೆ ಹೊಳೆಯುತ್ತದೆ. ಮೆತ್ತನೆ ಬ್ರಷ್‌ನಲ್ಲಿ ವಾರಕ್ಕೊಮ್ಮೆ ಒರೆಸಿ.

ಗೇಟುಕಾವಲು:
ಸರಿ. ಕೇಬಲ್ ಪೈಪಿನೊಳಗಿದೆ, ಹೊಸದನ್ನು ಹೇಗೆ ಎಳೆಯುವುದು?

ತಂತಿಬೆಸುಗೆ:
ಹಳೆಯದರ ತುದಿಗೇ ಹೊಸದನ್ನು ಕಟ್ಟಿ, ಗಂಟಿನ ಮೇಲೆ ನುಣ್ಣಗೆ ಟೇಪ್ ಸುತ್ತಿ. ಒಬ್ಬರು ಆ ಕಡೆಯಿಂದ ಎಳೆಯಿರಿ, ಒಬ್ಬರು ಈ ಕಡೆಯಿಂದ ತಳ್ಳಿ. ಜೊತೆಗೊಂದು ನೈಲಾನ್ ದಾರವನ್ನೂ ಎಳೆದು ಪೈಪಿನಲ್ಲೇ ಬಿಡಿ. ಗೇಟಿನ ಬಾಕ್ಸ್‌ಗೆ ಕೇಬಲ್ ಕೆಳಗಿನಿಂದ ಹೋಗಲಿ, ಹೊರಗೆ ಸ್ವಲ್ಪ ಜೋಲು ಬಿಟ್ಟರೆ ಮಳೆನೀರು ಒಳಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.